ಎರಡು ಕರಡಿಗೆ

ಕೈ ತಾನಾಗಿ ಎದೆಯ ಮೇಲೆ ಹೋಯಿತು, ಹೋಗಿ ಅಲ್ಲೇ ನಿಂತಿತು, ಇರಬೇಕಾದದ್ದು ಇಲ್ಲ — ಸೆರಗು ಇದೆ, ರವಿಕೆ ಇದೆ, ತಾಳಿಯ ಸರ ಇದೆ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಇಲ್ಲ, ಬೆರಳು ಕತ್ತಿನ ಹಿಂದಕ್ಕೆ ಹೋಗಿ ಶಿವದಾರವನ್ನು ಹುಡುಕಿತು, ಅದೂ ಇಲ್ಲ, ಬಸ್ಸು ಚಾಮರಾಜನಗರದ ಸ್ಟ್ಯಾಂಡು ಬಿಟ್ಟು ಆಗಲೇ ಊರಾಚೆ ಬಂದಿದೆ, ಕಿಟಕಿಯಿಂದ ಯಾರೋ ಅರಿಸಿನ ಬೇಯಿಸುತ್ತಿರುವ ವಾಸನೆ, ಶಿವರತ್ನಮ್ಮ ಮಡಿಲು, ಸೀಟು ಎಲ್ಲ ತಡಕಿದಳು, ಅಯ್ಯೋ ಶಿವನೇ, ನನ್ನ ಲಿಂಗ ಎಲ್ಲಿ, ಕೂಸಾಗಿದ್ದಾಗ ಅಯ್ಯನವರು ಕಟ್ಟಿದ್ದು, ಸ್ನಾನದಲ್ಲಿ ಬಿಟ್ಟಿಲ್ಲ, ಹೆರಿಗೆಯಲ್ಲಿ ಬಿಟ್ಟಿಲ್ಲ, ಇವತ್ತು ಎಲ್ಲಿ ಬಿಟ್ಟೆ — ಆಮೇಲೆ ನೆನಪಾಯಿತು, ಕಳೆದಿಲ್ಲ, ಅವರ ಹತ್ತಿರ ಇದೆ, ಅವರೆಂದರೆ ಅವಳ ಯಜಮಾನರು ಶಿವರುದ್ರಸ್ವಾಮಿ, ಕಟ್ಟಕಡೆಯ ಉದ್ದ ಸೀಟಿನಲ್ಲಿ ನಾಲ್ಕು ಜನ ಗಂಡಸರ ನಡುವೆ ಒತ್ತರಿಸಿಕೊಂಡು ಕುಳಿತಿದ್ದಾರೆ. ಹೆಂಗಸರಿಗೆ ಟಿಕೆಟ್ಟು ಫ್ರೀ ಆದ ಮೇಲೆ ಬಸ್ಸಿನ ಮುಂಭಾಗವೆಲ್ಲ ಹೆಂಗಸರದೇ ರಾಜ್ಯ, ಕಾಸು ಕೊಟ್ಟ ಗಂಡಸರು ಹಿಂದೆ ಹೋಗಿ ಟೈರಿನ ಮೇಲೆ ಕುಣಿಯಬೇಕು, ನೀನು ಮುಂದೆ ಕುಂತ್ಕೊ ಅಂತ ಅವಳನ್ನು ಕೂರಿಸಿ ಅವರು ಹಿಂದೆ ಹೋದರು, ಹೋಗುವಾಗ ಇಬ್ಬರಿಗೂ ನೆನಪಾಗಲಿಲ್ಲ, ಡಾಕ್ಟರಮ್ಮ ಹೇಳಿದ ಮಾತು ತಲೆಯಲ್ಲಿ ತುಂಬಿರುವಾಗ ಬೇರೆ ಯಾವುದಕ್ಕೆ ಜಾಗವಿತ್ತು. ತಿರುಗಿ ನೋಡಿದಳು, ನಿಂತವರ ಸೊಂಟ, ಚೀಲ, ಒಂದು ಕೊಡೆ, ಅವರ ಮುಖ ಕಾಣಲಿಲ್ಲ.

ಬೆಳಿಗ್ಗೆ ಸ್ಕ್ಯಾನಿನ ಕೋಣೆಯ ಬಾಗಿಲಲ್ಲಿ ಆ ನರ್ಸ್ ಹುಡುಗಿ, ಅಮ್ಮಾ ಮೈಮೇಲೆ ಲೋಹ ಇರಬಾರದು, ಸರ, ಓಲೆ, ಪಿನ್ನು ಎಲ್ಲ ತೆಗೀರಿ ಅಂದಳು, ಶಿವರತ್ನಮ್ಮ ತಾಳಿ ಓಲೆ ಬಿಚ್ಚಿ ಪರ್ಸಿಗೆ ಹಾಕಿದಳು, ನರ್ಸು ಕರಡಿಗೆಗೆ ಬೆರಳು ತೋರಿಸಿ ಅದನ್ನೂ ತೆಗೀರಿ ಅಂದಳು, ಪಾಪ ಅವಳಿಗೇನು ಗೊತ್ತು, ಲಿಂಗವನ್ನು ಪರ್ಸಿಗೆ ಹಾಕುವುದುಂಟೆ, ಮೇಜಿನ ಮೇಲಿಡುವುದುಂಟೆ, ಮೈ ಬಿಟ್ಟರೆ ಇನ್ನೊಂದು ಮೈಯ ಮೇಲೆಯೇ ಇರಬೇಕು, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅವರ ಹತ್ತಿರ ಬಂದು ನಿಂತಳು, ಅವರು ನೋಡಿ ಎದ್ದರು, ಎರಡೂ ಕೈ ಚಾಚಿದರು, ಕಣ್ಣಿಗೊತ್ತಿಕೊಂಡರು, ಶರ್ಟಿನ ಮೇಲಿನ ಗುಂಡಿ ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡು ಒಳಗೆ ಬಿಟ್ಟರು. ಆಗ ಕೇಳಿಸಿತು. ಅವರ ಕರಡಿಗೆಗೆ ಅವಳ ಕರಡಿಗೆ ತಾಗಿ, ಟಿಣ್, ಅಷ್ಟೇ, ಆಸ್ಪತ್ರೆಯ ಗಲಾಟೆಯಲ್ಲಿ ಇನ್ನಾರಿಗೂ ಕೇಳಿಸುವ ಸದ್ದಲ್ಲ, ಅವರಿಗೂ ಕೇಳಿಸಿತೋ ಇಲ್ಲವೋ, ಅವಳು ಮಾತ್ರ ಒಳಗೆ ಹೋಗುವುದನ್ನು ಮರೆತು ಅಲ್ಲೇ ನಿಂತುಬಿಟ್ಟಳು, ನರ್ಸು ಬಂದು ಹೆದರಬೇಡಿ ನೋವೇನಿಲ್ಲ ಅಂತ ಕೈ ಹಿಡಿದುಕೊಂಡು ಕರೆದುಕೊಂಡು ಹೋದಳು. ನೋವಿಗೆ ಹೆದರಿದ್ದಲ್ಲ ಮಗಳೇ. ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು ಅಂತ ನಿನಗೆ ಹೇಗೆ ಹೇಳಲಿ.

ಈಗ ಅದು ಅಲ್ಲಿ ಹಿಂದೆ, ಅವರ ಎದೆಯ ಮೇಲೆ, ಬೆವರಿನಲ್ಲಿ ಬೆಚ್ಚಗಾಗಿ, ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಟಿಣ್ ಅನ್ನುತ್ತಿರಬೇಕು, ಇಲ್ಲಿಗೆ ಕೇಳಿಸುವುದಿಲ್ಲ, ಆದರೂ ಪ್ರತಿ ಗುಂಡಿಗೂ ಅವಳ ಕಿವಿ ಹಿಂದಕ್ಕೆ ಹೋಗುತ್ತದೆ. ಥೂ, ಎಂಥ ಹೊತ್ತಿನಲ್ಲಿ ಎಂಥ ಯೋಚನೆ, ಐವತ್ತು ದಾಟಿದೆ, ಮೊಮ್ಮಗಳು ಸ್ಕೂಲಿಗೆ ಹೋಗುತ್ತಾಳೆ, ಡಾಕ್ಟರಮ್ಮ ಬಾಯಿಬಿಟ್ಟು ಕ್ಯಾನ್ಸರ್ ಅಂತ ಹೇಳಿ ಇನ್ನೂ ಮಧ್ಯಾಹ್ನ ಕಳೆದಿಲ್ಲ, ಇವಳಿಗೆ ಗಂಡನ ಎದೆ ಬೇಕಾಗಿದೆ — ಬೇಕಾಗಿದೆ ಕಣೇ, ಹೌದು, ಅಂತ ತನಗೆ ತಾನೇ ಹೇಳಿಕೊಂಡಳು, ಯಾರಿಗೆ ಕೇಳಿಸುತ್ತದೆ, ಬೇಕಾಗಿದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೂಗುತಿ ಇಲ್ಲ, ಮಾತು ಮೆತ್ತಗೆ, ಒಂದು ಹಾಳೆ ಎಳೆದುಕೊಂಡು ಅದರ ಮೇಲೆ ಒಂದು ಗುಂಡು ಬರೆದು ಗುಂಡಿನೊಳಗೆ ಗಿಡದ ಕೊಂಬೆಗಳ ಹಾಗೆ ಗೀಟು ಎಳೆದರು, ನೋಡೀಮ್ಮ, ಇವು ಹಾಲು ಬರೋ ನಾಳಗಳು, ಈ ನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕಣ ಇರ್ತವೆ, ಹಳೇದು ಸಾಯುತ್ತೆ, ಹೊಸದು ಹುಟ್ಟುತ್ತೆ, ಎಷ್ಟು ಬೇಕೋ ಅಷ್ಟಕ್ಕೆ ನಿಂತ್ಕೊಳ್ಳುತ್ತೆ, ಯಾವತ್ತೋ ಒಂದು ಕಣ ನಿಲ್ಲೋದನ್ನ ಮರೆತುಬಿಡುತ್ತೆ, ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಮೊದಮೊದಲು ನಾಳದ ಒಳಗೇ ಇರುತ್ತೆ, ನೋವಿಲ್ಲ, ಊತ ಇಲ್ಲ, ಯಾರಿಗೂ ಗೊತ್ತಾಗಲ್ಲ, ಆಮೇಲೆ ಒಂದು ದಿನ ಗೋಡೆ ಒಡೆದು ಆಚೆ ಬರುತ್ತೆ, ಪಕ್ಕಕ್ಕೆ ಹಬ್ಬುತ್ತೆ, ಅಲ್ಲಿಂದ ಕಂಕುಳಿಗೆ — ಪೆನ್ನು ಗುಂಡಿನಿಂದ ಹೊರಟು ಹಾಳೆಯ ಅಂಚಿಗೆ ಬಂದು ಅಲ್ಲಿ ಒಂದು ಚುಕ್ಕೆ ಇಟ್ಟಿತು. ಹೋದ ವಾರ ಸೂಜಿ ಹಾಕಿ ತೆಗೆದಿದ್ದರ ರಿಪೋರ್ಟು ಬಂದಿದೆ, ಇದು ಅದೇ, ನಿಮಗೆ ಕಂಕುಳಲ್ಲಿ ಒಂದು ಗಂಟಿಗೆ ಬಂದಿದೆ, ಅದರಾಚೆಗೆ ಹೋಗಿಲ್ಲ ಅಂತ ಸ್ಕ್ಯಾನು ಹೇಳ್ತಾ ಇದೆ, ಅದು ಒಳ್ಳೇದು, ಎದೆಯನ್ನ ತೆಗೀಬೇಕು, ಆಮೇಲೆ ಔಷಧಿ, ಕರೆಂಟು ಅಂತಾರಲ್ಲ ಆ ರೇಡಿಯೇಷನ್ನು, ವಾಸಿಯಾಗುತ್ತೆ ಅನ್ನೋ ಭರವಸೆ ನನಗಿದೆ. ಸೋಮವಾರ ಬಂದು ಅಡ್ಮಿಟ್ ಆಗಿ. ಯಜಮಾನರು ಪಕ್ಕದಲ್ಲಿ ಕುಳಿತು ಆ ಹಾಳೆಯನ್ನೇ ನೋಡುತ್ತಿದ್ದರು.

ಒಂದೇ ಒಂದು ಕೇಳಿದ್ದರು, ಯಾವಾಗ ಸುರುವಾಗದೆ ಇದು, ಮೇಡಮ್ಮು. ಹೇಳೋದು ಕಷ್ಟ ಯಜಮಾನ್ರೆ, ಕೈಗೆ ಸಿಗೋಷ್ಟು ಗಂಟಾಗಬೇಕಾದ್ರೆ ವರ್ಷಗಟ್ಟಲೆ ಬೇಕು, ಏಳು ವರ್ಷವೋ ಎಂಟು ವರ್ಷವೋ ಹಿಂದೆ ಆ ಮೊದಲನೇ ಕಣ ದಾರಿ ತಪ್ಪಿರಬಹುದು. ಏಳೆಂಟು ವರ್ಷ — ಶಿವರತ್ನಮ್ಮನಿಗೆ ಲೆಕ್ಕ ಹಾಕಲು ಬೆರಳು ಬೇಕಾಗಲಿಲ್ಲ, ಮಗ ಗುರುಪ್ರಕಾಶನ ಮದುವೆಯಾದ ವರ್ಷ, ಸೊಸೆ ಕೋಮಲ ಮನೆಗೆ ಬಂದ ವರ್ಷ, ಅತ್ತೆ ಪುಟ್ಟಬಸಮ್ಮ ಇನ್ನೂ ಬದುಕಿದ್ದರು, ಬೀಗರೂಟ ಮುಗಿದು ನೆಂಟರೆಲ್ಲ ಹೋದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ, ನಡುಮನೆಗೆಲ್ಲ ಕೇಳುವ ಹಾಗೆ ಹೇಳಿದರು, ಸೊಸೆ ಬಂದವ್ಳೆ, ಇನ್ನು ದೊಡ್ಡೋರು ದೊಡ್ಡೋರ ತರ ಇರ್ಬೇಕು, ನಿಮ್ಮ ಹಾಸ್ಗೆ ಬ್ಯಾರೆ ಆಗ್ಲಿ. ಅಷ್ಟೇ. ಅವತ್ತೇ ಯಜಮಾನರ ಚಾಪೆ, ದಿಂಬು, ಚೆಂಬು ಜಗಲಿಗೆ ಹೋದವು, ಅವಳ ಹಾಸಿಗೆ ಅಡುಗೆಮನೆಯ ಪಕ್ಕಕ್ಕೆ ಬಂತು, ಯಾರೂ ಜಗಳ ಮಾಡಲಿಲ್ಲ, ಯಾರೂ ಅಳಲಿಲ್ಲ, ಅವರು ತಾಯಿಯ ಮಾತಿಗೆ ತಲೆ ಆಡಿಸಿದರು, ಅವಳು ಬಟ್ಟೆ ಮಡಿಸಿದಳು, ಧನಗೆರೆಯಲ್ಲಿ ಎಲ್ಲ ಮನೆಯಲ್ಲೂ ಆಗುವುದೇ ಹೀಗೆ, ಮಗ ಸೊಸೆ ಒಳಗಿದ್ದಾರೆ, ಅಪ್ಪ ಅಮ್ಮನೂ ಒಂದೇ ಕೋಣೆ ಸೇರಿದರೆ ನಾಚಿಕೆಗೇಡು. ಅವತ್ತಿನಿಂದ ಅವರು ಅವಳನ್ನು ಕರೆಯುವುದೂ ಬದಲಾಯಿತು, ಪ್ರಕಾಸನವ್ವಾ, ವಸಿ ನೀರ್ ಕೊಡು. ಮೊದಲೆಲ್ಲ ಅಮ್ಮೀ ಅನ್ನುತ್ತಿದ್ದರು. ಅವರು ಎದ್ದು ಹೋದ ಜಾಗಕ್ಕೆ ಈ ಕಾಯಿಲೆ ಬಂದು ಮಲಗಿತು ಅಂತ ಇವಳ ಮನಸ್ಸು ಹೇಳುತ್ತದೆ, ಹಾಗೇನೂ ಇಲ್ಲ, ಡಾಕ್ಟರಮ್ಮನನ್ನು ಕೇಳಿದರೆ ನಕ್ಕುಬಿಡುತ್ತಾರೆ, ಆದರೆ ಮನಸ್ಸು ಡಾಕ್ಟರು ಓದಿದ್ದನ್ನು ಓದಿಲ್ಲ.

ಕಿಟಕಿಯಾಚೆ ಒಂದು ಹಿಪ್ಪುನೇರಳೆ ತೋಟ ಸರಿದು ಹೋಯಿತು, ಎಲೆ ಕೊಯ್ದು ಬೋಳಾದ ಕಡ್ಡಿ, ಆ ಕಡ್ಡಿ ಕಂಡರೆ ಸಾಕು ಕೈಗೆ ಅಂಟಿನ ನೆನಪು, ಮದುವೆಯಾಗಿ ಬಂದ ಹೊಸತರಲ್ಲಿ ಆ ಮನೆಯಲ್ಲಿ ಎಷ್ಟು ಜನ, ಅತ್ತೆ ಮಾವ, ಮೈದುನರು, ನಾದಿನಿ, ಮಾವನ ಅಕ್ಕ ಒಬ್ಬರು, ಗಂಡನ ಮುಖ ನೋಡಬೇಕೆಂದರೆ ನೀರು ಸೇದುವ ನೆಪ ಬೇಕಿತ್ತು, ಒಂದು ಕೋಣೆಯೂ ತಮ್ಮದಲ್ಲ, ಆದರೆ ಹಿತ್ತಲಲ್ಲಿ ಹುಳುಮನೆ ಇತ್ತು, ರೇಷ್ಮೆಹುಳು ಸಾಕುವ ಉದ್ದನೆಯ ಮಣ್ಣಿನ ಮನೆ, ಅದಕ್ಕೆ ಯಾರೂ ಹಾಗೆ ಹಾಗೆ ಬರುವಂತಿಲ್ಲ, ಹೊರಗಿನ ಗಾಳಿ ತಾಗಿದರೆ ಹುಳಕ್ಕೆ ರೋಗ, ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು ಕೈ ತೊಳೆದು ಒಳಗೆ ಹೋಗಬೇಕು, ಹುಳ ನೋಡಿಕೊಳ್ಳುವವರು ಇಬ್ಬರೇ, ಅವರು ಮತ್ತು ಅವಳು, ಮಿಕ್ಕವರೆಲ್ಲ ಬಾಗಿಲಾಚೆ ನಿಂತು ಕೂಗಬೇಕು, ಅತ್ತೆಯೂ ಸೇರಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳಕ್ಕೆ ಹಸಿವೋ ಹಸಿವು, ಸುರಿದಷ್ಟು ಎಲೆ ತಿನ್ನುತ್ತವೆ, ಆ ವಾರ ಇಬ್ಬರೂ ಹುಳುಮನೆ ಬಿಟ್ಟು ಈಚೆ ಬರುವ ಹಾಗೇ ಇಲ್ಲ, ಮನೆಯವರು ಪಾಪ ಮಕ್ಕಳು ಎಷ್ಟು ದುಡೀತಾರೆ ಅಂತ ಮರುಗುತ್ತಿದ್ದರು, ದುಡೀತಿದ್ದರು, ಸುಳ್ಳಲ್ಲ. ಮಧ್ಯಾಹ್ನದ ಹೊತ್ತು, ಗೋಣಿತಟ್ಟಿನ ಪರದೆಗೆ ನೀರು ಚಿಮುಕಿಸಿ ಒಳಗೆ ತಂಪು ಮಾಡಿ, ಹುಳದ ತಟ್ಟೆಗಳ ಸಾಲಿನ ಕೊನೆಯಲ್ಲಿ, ಎಲೆಯ ರಾಶಿಯ ಪಕ್ಕದಲ್ಲಿ, ಅವರ ಕೈಯಲ್ಲಿ ಹಸಿ ಎಲೆಯ ವಾಸನೆ, ಸುಣ್ಣದ ಒರಟು, ಮೊದಲ ಸಲ ಹತ್ತಿರ ಎಳೆದುಕೊಂಡಾಗ ಇಬ್ಬರ ಕರಡಿಗೆಯೂ ಒಂದಕ್ಕೊಂದು ಹೊಡೆದು ಟಿಣ್ ಅಂತು, ಅವಳು ಹೆದರಿ ದೂರ ಸರಿದಳು, ಬಾಗಿಲಾಚೆ ಅತ್ತೆ ಇದ್ದರೆ, ಅವರು ನಕ್ಕು ತಮ್ಮ ಕರಡಿಗೆಯನ್ನು ಬೆನ್ನ ಹಿಂದಕ್ಕೆ ತಿರುಗಿಸಿಕೊಂಡರು, ಆಮೇಲಾಮೇಲೆ ಅದೇ ಅವರ ಗುರುತಾಯಿತು, ಊಟದ ಹೊತ್ತಿಗೆ ಎಲ್ಲರೂ ಕುಳಿತಿರುವಾಗ ಸುಮ್ಮನೆ ಕೈ ಹಾಕಿ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಳ್ಳುವರು, ಅವಳು ಬಡಿಸುವ ಸಾರು ತಟ್ಟೆಯಾಚೆ ಚೆಲ್ಲುವುದು. ಮಾವ, ಯಾಕ್ ಮಗಾ ಸೆಕೆಯಾ ಅನ್ನುವರು. ಊ ಕಣಪ್ಪ, ಸೆಕೆ ಅನ್ನುವರು ಅವರು, ಕಳ್ಳರು.

ನಗು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಪಕ್ಕದಲ್ಲಿ ಕುಳಿತಿದ್ದ ಹೂವಿನ ಬುಟ್ಟಿಯ ಹೆಂಗಸು ಅಳುತ್ತಿದ್ದಾಳೆಂದುಕೊಂಡು ನೋಡಿದಳು. ಯಾಕಕ್ಕಾ, ಎಲ್ಲಿಗ್ ಓಗಿದ್ರಿ. ಕಣ್ಣು ತೋರ್ಸಕ್ಕೆ, ಅಂದಳು ಶಿವರತ್ನಮ್ಮ, ಬೆಳಿಗ್ಗೆ ಹೊರಡುವಾಗ ಎದುರುಮನೆಯವರಿಗೂ ಇದೇ ಹೇಳಿದ್ದಳು, ಕಣ್ಣಾದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಎದೆ ಅಂದರೆ ಕೇಳುತ್ತಾರೆ. ಎದೆಯ ಮಾತು ಆಡಿಯೇ ಗೊತ್ತಿಲ್ಲ, ನೋಡಿಯೇ ಗೊತ್ತಿಲ್ಲ, ಲಂಗ ಎದೆಗೆ ಕಟ್ಟಿಕೊಂಡೇ ನೀರು ಹಾಕಿಕೊಳ್ಳುವುದು, ಒದ್ದೆ ಲಂಗದ ಮೇಲೆ ಒಣ ಬಟ್ಟೆ ಇಳಿಬಿಟ್ಟು ಒದ್ದೆಯನ್ನು ಕೆಳಗೆ ಜಾರಿಸುವುದು, ಇಷ್ಟು ವರ್ಷದಲ್ಲಿ ತನ್ನ ಮೈಯನ್ನು ತಾನು ಕಂಡಿಲ್ಲ, ತಿಂಗಳಿಗೊಂದು ಸಲ ಕನ್ನಡಿ ಮುಂದೆ ನಿಂತು ನೋಡ್ಕೋಬೇಕಮ್ಮ, ಮುಟ್ಟಿ ನೋಡ್ಕೋಬೇಕು ಅಂತ ಡಾಕ್ಟರಮ್ಮ ಹೇಳಿದಾಗ ಶಿವರತ್ನಮ್ಮನಿಗೆ ಕನ್ನಡಿ ಎಲ್ಲಿದೆ ಎಂದೇ ಹೊಳೆಯಲಿಲ್ಲ, ಇರುವ ಕನ್ನಡಿಯಲ್ಲಿ ಹಣೆಯ ವಿಭೂತಿ ಕಾಣುತ್ತದೆ, ಅಷ್ಟೇ. ಒಂದು ದಿನ ಲಿಂಗಪೂಜೆ ಮುಗಿಸಿ ಕರಡಿಗೆಯನ್ನು ಎದೆಗೆ ಬಿಟ್ಟುಕೊಳ್ಳುವಾಗ ಅದರ ಕೆಳಗೆ ಏನೋ ಗಟ್ಟಿ ಸಿಕ್ಕಿತು, ಹುಣಸೆಬೀಜದಷ್ಟು, ನೋವಿಲ್ಲ. ನೋವಿಲ್ಲದ್ದು ಏನಿರುತ್ತದೆ, ಕರಡಿಗೆ ಒತ್ತಿ ಜಡ್ಡುಗಟ್ಟಿದೆ ಅಂದುಕೊಂಡಳು, ನೇಗಿಲು ಹಿಡಿದರೆ ಅಂಗೈ ಜಡ್ಡುಗಟ್ಟುವುದಿಲ್ಲವೇ, ಆ ಕರಡಿಗೆ ತೂಕವೂ ಇತ್ತು, ಅತ್ತೆಯದು, ಅತ್ತೆ ತೀರಿಕೊಂಡಾಗ ಅವರ ಲಿಂಗ ಅವರ ಅಂಗೈಯಲ್ಲೇ ಮಣ್ಣಿಗೆ ಹೋಯಿತು, ಬೆಳ್ಳಿಯ ಕರಡಿಗೆ ಮಾತ್ರ ಮನೆಯಲ್ಲಿ ಉಳಿಯಿತು, ಹಿರೀ ಸೊಸೆ ಹಾಕ್ಕಳ್ಳಿ ಅಂತ ಎಲ್ಲರೂ ಹೇಳಿದರು, ತನ್ನ ಹಗುರದ್ದನ್ನು ಬಿಟ್ಟು ಅದಕ್ಕೆ ತನ್ನ ಲಿಂಗವನ್ನು ಹಾಕಿಕೊಂಡಳು. ಸತ್ತ ಮೇಲೂ ಅತ್ತೆ ನನ್ನ ಎದೆಯ ಮೇಲೆ ಕೂತಿದ್ದಾರೆ ಅಂತ ಒಂದೊಂದು ಸಲ ಸಿಟ್ಟು ಬರುತ್ತಿತ್ತು, ಹಾಗಾಗಿ ಗಂಟು ಸಿಕ್ಕಾಗ ಆಶ್ಚರ್ಯವೇ ಆಗಲಿಲ್ಲ, ಅವರದೇ ಕೆಲಸ.

ಕರಡಿಗೆಗೆ ಹತ್ತಿಬಟ್ಟೆ ಸುತ್ತಿದಳು, ಶಿವದಾರವನ್ನು ಒಂದು ಗೇಣು ಉದ್ದ ಮಾಡಿ ಹೊಟ್ಟೆಯ ಹತ್ತಿರ ಬಿಟ್ಟುಕೊಂಡಳು, ಗಂಟಿಗೆ ಹರಳೆಣ್ಣೆ ಹಚ್ಚಿ ಬಿಸಿ ಬಟ್ಟೆ ಒತ್ತಿದಳು, ಮಳೆಗಾಲ ಹೋಯಿತು, ಸಂಕ್ರಾಂತಿ ಹೋಯಿತು, ಹುಣಸೆಬೀಜ ಹೋಗಿ ರೇಷ್ಮೆಗೂಡಿನಷ್ಟಾಯಿತು, ಆಗಲೂ ಇನ್ನೂ ಕರಡಿಗೆಯನ್ನೇ ಬೈಯುತ್ತಿದ್ದಳು, ಹಗಲೆಲ್ಲ ದೂರ ಇಟ್ಟರೂ ಮಲಗಿದಾಗ ಬಂದು ಒತ್ತುತ್ತದೆ ಅಂತ, ಮಗ್ಗುಲು ಬದಲಾಯಿಸಿ ಮಲಗಿದಳು. ಯಾರಿಗೆ ಹೇಳುವುದು, ಮಗನಿಗೆ ಹೇಳುವ ಮಾತೇ, ಅವರು ಜಗಲಿಯಲ್ಲಿ, ಹಗಲು ಸಿಕ್ಕರೆ ನಡುವೆ ಊಟದ ತಟ್ಟೆ, ಏನೂಂದ್ರೆ ಇಲ್ಲೊಂದು ಗಂಟಾಗದೆ ಮುಟ್ಟಿ ನೋಡಿ ಅಂತ ತಟ್ಟೆ ಇಡುತ್ತಾ ಹೇಳುವುದುಂಟೆ. ಹಬ್ಬಕ್ಕೆ ಎಣ್ಣೆನೀರು ಹಾಕುವಾಗ ಕೋಮಲ ಬೆನ್ನು ಉಜ್ಜಲು ಬಂದಳು, ಲಂಗ ಸಡಿಲವಾಗಿ ಜಾರಿತು, ಹುಡುಗಿ ಕೈ ನಿಲ್ಲಿಸಿದಳು, ಅತ್ತೆ, ಇದೇನತ್ತೆ, ತೊಟ್ಟು ಒಳೀಕ್ ಓಗದೆ, ಚರ್ಮ ಸುಕ್ಕಾಗದೆ. ಕರಡಿಗೆ ಒತ್ತಿ ಆಗಿರೋದು ಕಣಮ್ಮ. ಅಲ್ಲ ಕಣತ್ತೆ, ಕರಡಿಗೆ ಅಲ್ಲ, ನಾಳೆನೇ ಆಸ್ಪತ್ರೆಗ್ ಓಗ್ಬೇಕು, ನಾನೇ ಮಾವನ್ಗೆ ಯೋಳ್ತೀನಿ, ಅಂತ ಸೋಪಿನ ಕೈಯಲ್ಲೇ ಹೊರಗೆ ಓಡಿದಳು. ಯಾವ ಹುಡುಗಿ ಬಂದಳೆಂದು ಹಾಸಿಗೆ ಬೇರೆಯಾಯಿತೋ ಅದೇ ಹುಡುಗಿ, ಅವಳ ಮೇಲೆ ಯಾವತ್ತೂ ಸಿಟ್ಟಿರಲಿಲ್ಲ ಅಂದರೆ ಸುಳ್ಳಾಗುತ್ತದೆ, ಅವತ್ತು ಶಿವರತ್ನಮ್ಮ ಒದ್ದೆ ಕೂದಲಲ್ಲಿ ಕುಳಿತು ಆ ಹುಡುಗಿಗಾಗಿಯೇ ಅತ್ತಳು. ಇವತ್ತು ಡಾಕ್ಟರಮ್ಮನನ್ನು ಕೇಳಿದಳು, ಕರಡಿಗೆ ಒತ್ತಿದ್ದಕ್ಕೆ ಬಂತಾ ತಾಯಿ. ಇಲ್ಲಮ್ಮ, ಒತ್ತಡದಿಂದ, ಏಟಿನಿಂದ ಬರೋ ಕಾಯಿಲೆ ಅಲ್ಲ ಇದು, ಯಾರ ತಪ್ಪೂ ಅಲ್ಲ. ಮನೇಲಿ ಇನ್ಯಾರಿಗಾದ್ರೂ ಇತ್ತಾ. ಇಲ್ಲ ಅಂದಳು, ಅನ್ನುತ್ತಿದ್ದ ಹಾಗೇ ಲೊಕ್ಕನಹಳ್ಳಿಯ ಚಿಕ್ಕವ್ವ ಮಹಾದೇವಮ್ಮ ಕಣ್ಣೆದುರು ಬಂದರು, ತೌರಿನ ಹಟ್ಟಿಯ ಮೂಲೆಯಲ್ಲಿ, ಸೆರಗನ್ನು ಎದೆಗೆ ಬಿಗಿದು ಕಟ್ಟಿಕೊಂಡು, ಹತ್ತಿರ ಹೋದರೆ ಬರ್ಬ್ಯಾಡ ಮಗ ವಾಸ್ನೆ ಅನ್ನುತ್ತಿದ್ದರು, ಎದೆಹುಣ್ಣು ಅಂತ ಊರು ಹೇಳಿತು, ಅಷ್ಟೇ ಹೇಳಿತು, ಇತ್ತು ತಾಯಿ, ಒಬ್ರಿಗೆ ಇತ್ತು, ಅಂತ ತಿದ್ದಿದಳು, ಗಂಟು ಮೊದಲು ಹುಣಸೆಬೀಜದಷ್ಟೇ ಇತ್ತು ಅಂತಲೂ ಹೇಳಿದಳು, ಯಜಮಾನರು ಪಕ್ಕದಲ್ಲೇ ಇದ್ದರು. ಡಾಕ್ಟರಮ್ಮ ಬರೆದುಕೊಂಡರು.

ಯಳಂದೂರು ಬಂತು, ಹೊಳೆಯ ಸೇತುವೆ, ಆಚೆಗೆ ಬೆಟ್ಟದ ಸಾಲು ಮಂಜಾಗಿ, ಹೂವಿನ ಹೆಂಗಸು ಇಳಿಯುವ ಮುಂಚೆ ಮಡಿಲಿಂದ ಎರಡು ಬಾಳೆಹಣ್ಣು ತೆಗೆದು, ತಕಳಿ ಅಕ್ಕಾ, ಮೊಕ ಬಾಡೋಗದೆ, ತಿನ್ನಿ ಅಂತ ಕೈಯಲ್ಲಿಟ್ಟು ಹೋದಳು, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಆದರೆ ಲಿಂಗ ಮೈಮೇಲೆ ಇಲ್ಲದೆ ತಿನ್ನುವುದು ಹೇಗೆ, ಬಾಳೆಹಣ್ಣು ಮಡಿಲಲ್ಲಿ ಹಾಗೇ ಉಳಿಯಿತು. ಪಕ್ಕದ ಸೀಟು ಖಾಲಿಯಾಯಿತು. ಖಾಲಿಯಾದದ್ದೇ ತಡ ಚೀಲ ತೆಗೆದು ಅದರ ಮೇಲಿಟ್ಟಳು, ಬರುತ್ತಾರೆ, ಜನ ಇಳಿಯುತ್ತಿದ್ದಾರೆ, ಇಲ್ಲಿಂದ ಕೊಳ್ಳೇಗಾಲ ಎಷ್ಟು ದೂರ, ಇಷ್ಟು ದೂರದಲ್ಲಿ ಹೇಳಿಬಿಡಬೇಕು, ಕೊಳ್ಳೇಗಾಲದಲ್ಲಿ ಇಳಿದರೆ ಗುರುತಿನವರು ಸಿಗುತ್ತಾರೆ, ಧನಗೆರೆಯ ಬಸ್ಸು ಹತ್ತಿದರೆ ಊರೇ ಬಸ್ಸಿನಲ್ಲಿರುತ್ತದೆ, ಮನೆಗೆ ಹೋದರೆ ಮತ್ತೆ ಜಗಲಿ, ಸೋಮವಾರ ಬಂದುಬಿಡುತ್ತದೆ. ಸೋಮವಾರ ಇದು ಹೋಗುತ್ತದೆ. ಹಾಲು ಕುಡಿಸಿದ್ದು ಇದು, ಗುರುಪ್ರಕಾಶ ಕಚ್ಚಿದ ಗುರುತು ಇನ್ನೂ ಇದೆ, ಹುಳುಮನೆಯ ಮಧ್ಯಾಹ್ನಗಳೆಲ್ಲ ಇದಕ್ಕೆ ನೆನಪಿವೆ, ತೆಗೆದು ಎಲ್ಲಿ ಹಾಕುತ್ತಾರೋ, ತೆಗೆಯಲಿ, ಬದುಕಬೇಕು, ಮೊಮ್ಮಗಳ ಜಡೆ ಹೆಣೆಯಬೇಕು, ಅದಕ್ಕೆ ದುಃಖವಿಲ್ಲ, ದುಃಖವಿದೆ, ಆದರೆ ಅದಕ್ಕೂ ಮುಂಚೆ ಒಂದು ಸಲ, ಒಂದೇ ಒಂದು ಸಲ ಆ ಕೈ ಇದರ ಮೇಲೆ ಇರಬೇಕು, ಡಾಕ್ಟರ ಕೈ ಇಟ್ಟಾಯಿತು, ನರ್ಸಿನ ಕೈ, ಮಿಷನ್ನಿನ ತಣ್ಣನೆಯ ಹಲಗೆ, ಊರಿನವರೆಲ್ಲ ಮುಟ್ಟಿದಂತಾಯಿತು, ಯಾರ ಕೈ ಬೇಕೋ ಅದು ಬಿಟ್ಟು. ಕೇಳುತ್ತೇನೆ, ನಾಚಿಕೆ ಯಾಕೆ, ಒಳಗೆ ಬನ್ನಿ ಅಂತ ಕೇಳುತ್ತೇನೆ, ಬರುವುದಿಲ್ಲ ಅಂದರೆ, ಈ ವಯಸ್ಸಿನಲ್ಲೇನು ಅಂದರೆ, ಸೊಸೆ ಏನಂದುಕೊಂಡಾಳು ಅಂದರೆ — ಅಮ್ಮಾ ಬ್ಯಾಗ್ ತೆಗೀರಿ, ನಿಂತವ್ರೆ ಜನ, ಕಂಡಕ್ಟರು. ನಮ್ ಯಜಮಾನ್ರು ಬತ್ತಾರೆ ಕಣಪ್ಪ. ಯಜಮಾನ್ರು ಎಲ್ಲವ್ರೆ. ಹಿಂದಗಡೆ. ಹಿಂದಗಡೆ ಇದ್ರೆ ಅಲ್ಲೇ ಕುಂತವ್ರಲ್ಲ ತಾಯಿ, ಲೇಡೀಸ್ ಸೀಟಿದು. ಚೀಲದ ಮೇಲೆ ಕೈ ಬಿಗಿಯಾಯಿತು, ಅವಳು ಜೀವಮಾನದಲ್ಲಿ ಕಂಡಕ್ಟರಿಗೆ ಎದುರಾಡಿದವಳಲ್ಲ, ಬತ್ತಾರೆ ಅಂದ್ನಲ್ಲಪ್ಪ, ಅಂದಳು ಗಟ್ಟಿಯಾಗಿ, ಬಸ್ಸಿನಲ್ಲಿ ಎಲ್ಲರೂ ನೋಡಿದರು.

ಬಂದರು. ಆ ದನಿ ಹಿಂದಕ್ಕೆ ಕೇಳಿಸಿತೋ ಏನೋ, ಕಂಬಿ ಹಿಡಿದುಕೊಂಡು ಒಂದೊಂದೇ ಸೀಟು ದಾಟಿಕೊಂಡು, ಬಿಳಿ ಶರ್ಟು ಬೆವರಿ ಎದೆಗೆ ಅಂಟಿದೆ, ಅಂಟಿದ ಬಟ್ಟೆಯ ಕೆಳಗೆ ಎರಡು ಗುಂಡು ಆಕಾರ ಪಕ್ಕಪಕ್ಕದಲ್ಲಿ ಕಾಣುತ್ತದೆ, ಶಿವರತ್ನಮ್ಮ ಅದನ್ನೇ ನೋಡಿದಳು. ಕುಳಿತರು, ನಡುವೆ ಚೀಲ ಇತ್ತು, ಚೀಲ ತೆಗೆದು ಕಾಲ ಹತ್ತಿರ ಇಟ್ಟರು. ಏನಾರ ತಿಂದ್ಯಾ, ಅಂದರು. ಎಂಗ್ ತಿನ್ನದು, ಲಿಂಗ ನಿಮ್ ತಾವೇ ಅದಲ್ಲ. ಅಯ್ಯೋ, ಅಂದರು, ಕೈ ಎದೆಗೆ ಹೋಯಿತು, ಅಯ್ಯೋ, ನೋಡು ನನ್ ಬುದ್ಧಿಯ, ಗುಂಡಿ ಬಿಚ್ಚಲು ಹೊರಟರು, ಆ ಬೆರಳುಗಳು, ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿನಲ್ಲಿ ಒಂದು ಗೂಡು ಎತ್ತಿ ಮೆಲ್ಲಗೆ ಅಮುಕಿದರೆ ಸಾಕು, ಒಳಗಿನ ಹುಳ ಬದುಕಿದೆಯೋ ಸತ್ತಿದೆಯೋ ಹೇಳುವ ಬೆರಳು, ಇವತ್ತು ಒಂದು ಗುಂಡಿ ಬಿಚ್ಚಲಾರದೆ ತಡವರಿಸುತ್ತಿವೆ. ತಡೀರಿ, ಅಂದಳು. ಅವರು ತಡೆದರು. ಬಸ್ಸಿನ ಸದ್ದು ಜೋರಾಗಿದೆ, ಮುಂದಿನ ಸೀಟಿನ ಹುಡುಗಿಯ ಕಿವಿಯಲ್ಲಿ ಫೋನಿನ ವೈರಿದೆ, ಈಗ ಆಗದಿದ್ದರೆ ಆಗುವುದಿಲ್ಲ. ಸೋಮ್ವಾರದ್ ಗಂಟ ಜಗಲಿ ಮ್ಯಾಲೆ ಬ್ಯಾಡ, ಒಳೀಕ್ ಬನ್ನಿ, ಅಂದಳು, ಯಾರ್ ಏನಾರ ಅಂದ್ಕಳ್ಳಿ, ನನ್ಗೆ — ನನ್ಗೆ ನೀವ್ ಬೇಕು.

ಅವರು ಕಿಟಕಿಯಾಚೆ ನೋಡುತ್ತಿದ್ದರು, ಕಬ್ಬಿನ ಗದ್ದೆ, ಒಂದು ಇಟ್ಟಿಗೆ ಗೂಡು, ಮತ್ತೆ ಕಬ್ಬು, ಹೇಳಬಾರದಿತ್ತು, ಥೂ, ಹೇಳಬಾರದಿತ್ತು, ಅವಳು ಸೆರಗಿನ ಅಂಚನ್ನು ಸುಮ್ಮನೆ ತಿರುವಿದಳು, ಬಾಳೆಹಣ್ಣು ಜಾರಿ ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಳ್ಳುವಾಗ ಮೇಲಿಂದ ಅವರ ದನಿ, ಎಷ್ಟೋ ವರ್ಷದಿಂದ ಬಳಸದೆ ಇಟ್ಟಿದ್ದನ್ನು ತೆಗೆದ ಹಾಗೆ ಆ ಹೆಸರು — ನಾನ್ ಮುಟ್ಟಿದ್ರೆ ಗೊತ್ತಾಗ್ತಿತ್ತು ಕಣಮ್ಮೀ. ಮೊದ್ಲೇ ಗೊತ್ತಾಗ್ತಿತ್ತು. ಹುಣ್ಸೆಬೀಜದಷ್ಟಿದ್ದಾಗ್ಲೇ. ತಲೆ ಎತ್ತಿದಳು, ಅವರು ಅಳುತ್ತಿದ್ದರು, ಗಂಡಸರು ಅಳುವಾಗ ಮಾಡುವ ಹಾಗೆ ಮೂಗು ಮಾತ್ರ ಒರೆಸಿಕೊಳ್ಳುತ್ತಿದ್ದರು. ಗುಂಡಿ ಬಿಚ್ಚಿತು. ಅವಳ ಶಿವದಾರವನ್ನು ತಲೆಯ ಮೇಲಿಂದ ತೆಗೆದರು, ಕಣ್ಣಿಗೊತ್ತಿಕೊಂಡರು, ಕೊಡಿ ಅಂತ ಅವಳು ಕೈ ಚಾಚಿದಳು, ಕೊಡಲಿಲ್ಲ, ಇಷ್ಟು ಜನ ಹೆಂಗಸರು ನೋಡುತ್ತಿರುವಾಗ, ಕಂಡಕ್ಟರು ನೋಡುತ್ತಿರುವಾಗ, ತಾವೇ ಬಗ್ಗಿ ಅವಳ ಕೊರಳಿಗೆ ಹಾಕಿದರು, ಜಡೆಯನ್ನು ಎತ್ತಿ ದಾರವನ್ನು ಸರಿಮಾಡಿದರು, ಬೆಳ್ಳಿ ಅವಳ ಎದೆಗೆ ಬಂದು ತಾಗಿತು, ಎಷ್ಟು ಬೆಚ್ಚಗಿದೆ, ಅವರ ಮೈಯ ಬಿಸಿ, ಅವರು ಇನ್ನೂ ಬಗ್ಗಿಯೇ ಇದ್ದರು, ಬಸ್ಸು ಗುಂಡಿಗೆ ಬಿತ್ತು, ಬಿಚ್ಚಿದ ಶರ್ಟಿನಿಂದ ಅವರ ಕರಡಿಗೆ ಹೊರಗೆ ಜಾರಿ ಮುಂದಕ್ಕೆ ತೂಗಿ ಅವಳದಕ್ಕೆ ಬಂದು ಹೊಡೆಯಿತು, ಟಿಣ್, ಮತ್ತೆ ತೂಗಿತು, ಅವರು ಅದನ್ನು ಬೆನ್ನಿಗೆ ತಿರುಗಿಸಿಕೊಳ್ಳಲಿಲ್ಲ, ಟಿಣ್, ಎರಡು ಕರಡಿಗೆ, ಟಿಣ್